ಬೆನ್ನಿನ ನೀರು ಹೇಳಿದ್ದು

"ಬೆನ್ನಿನ ನೀರು ತೆಗಿಸಬ್ಯಾಡ್ರಿ, ಕಾಲು ಬೀಳ್ತಾವ." ಯಾದಗಿರಿ ಪಕ್ಕದ ನಮ್ಮ ಮುದನಾಳದ ಕಡೆಯಿಂದ ಯಾರನ್ನಾದರೂ ರಾತ್ರಿ ರೈಲಿಗೆ ಹತ್ತಿಸಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯುವಾಗ ಬುತ್ತಿಯ ಜೊತೆ ಈ ಮಾತನ್ನೂ ಕಟ್ಟಿಕೊಡುತ್ತಾರೆ. ಹಾಗೆ ಹೆದರಿದವರೆಲ್ಲ ಒಲ್ಲೆ ಅಂದಿದ್ದರೆ ನಿಮ್ಹಾನ್ಸ್‌ನ ಒಂದು ಒಳ್ಳೆಯ ಸಂಶೋಧನೆ ಹುಟ್ಟುತ್ತಲೇ ಇರಲಿಲ್ಲ.

ಆ ಸಂಶೋಧನೆ ನಡೆದ ಕಾಯಿಲೆಯ ಹೆಸರು ಎಎಲ್‌ಎಸ್. ಸ್ನಾಯುಗಳಿಗೆ ಅಪ್ಪಣೆ ಕಳಿಸುವ ಚಾಲಕ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ರೊಟ್ಟಿ ಬಡಿಯುವ ಕೈ ಸೋಲುತ್ತದೆ, ಅಂಗಿಯ ಗುಂಡಿ ಬೆರಳಿಗೆ ದಕ್ಕುವುದಿಲ್ಲ, ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬೀಳುತ್ತದೆ. ಮುಟ್ಟಿದ್ದು ಮಾತ್ರ ಗೊತ್ತಾಗುತ್ತಿರುತ್ತದೆ. ಇದು ಲಕ್ವದ ಹಾಗೆ ಒಮ್ಮೆಲೇ ಹೊಡೆಯುವ ರೋಗವಲ್ಲ, ತಿಂಗಳುಗಟ್ಟಲೆ ಸವೆಸುವಂಥದ್ದು. 21ನೇ ವಯಸ್ಸಿಗೆ ಇದು ಪತ್ತೆಯಾದರೂ 76ರವರೆಗೆ ಬದುಕಿದ ಸ್ಟೀಫನ್ ಹಾಕಿಂಗ್ ತೀರಾ ಅಪರೂಪ. ಹೆಚ್ಚಿನವರಿಗೆ ಸಿಗುವುದು ಮೂರರಿಂದ ಐದು ವರ್ಷ.

ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದ ಟಿ. ಆರ್. ರಾಜು ಮತ್ತು ನರರೋಗ ತಜ್ಞೆ ಎಂ. ಗೌರಿದೇವಿ ಅವರ ತಂಡ ಕೇಳಿಕೊಂಡ ಪ್ರಶ್ನೆ ಸರಳ. ಮಿದುಳು ಮತ್ತು ಬೆನ್ನುಹುರಿಯನ್ನು ತೋಯಿಸುತ್ತಾ ಹರಿಯುವ ಆ ತಿಳಿನೀರಿನಲ್ಲೇ ಏನಾದರೂ ಕೆಡುಕಿದೆಯೇ? ರೋಗಿಗಳ ಬೆನ್ನಿನ ನೀರನ್ನು ಹುಟ್ಟಿ ಕೆಲವೇ ದಿನವಾದ ಇಲಿಮರಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸಿದರು. 1998ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮರಿಗಳ ಬೆನ್ನುಹುರಿಯಲ್ಲಿ ನರಕೋಶಗಳನ್ನು ಸಾಕುವ ಆಸ್ಟ್ರೋಸೈಟ್‌ಗಳು ಕೆರಳಿದ್ದವು. ಅಂದರೆ ಸಾಯುತ್ತಿರುವ ನರಕೋಶವನ್ನಷ್ಟೇ ನೋಡುತ್ತಾ ಕೂತರೆ ಸಾಲದು, ಅದರ ನೆರೆಹೊರೆಯನ್ನೂ ವಿಚಾರಿಸಬೇಕು.

ಆ ನೆರೆಯಲ್ಲಿ ಮೈಕ್ರೋಗ್ಲಿಯಾ ಎಂಬ ಪುಟ್ಟ ಕೋಶಗಳಿವೆ. ಸ್ಪೇನಿನ ರಿಯೋ ಹೋರ್ಟೆಗಾ 1919ರಲ್ಲಿ ಗುರುತಿಸಿದ ಇವು ಮಿದುಳಿನ ಸ್ವಂತ ಕಾವಲು ಪಡೆ. ಎಳೆಎಳೆಯಾದ ಕೈ ಚಾಚಿ ಸುತ್ತಲೂ ತಡವುತ್ತಾ ಕಸ ನುಂಗುತ್ತವೆ, ಸೋಂಕು ಬಂದರೆ ಮೇಲೆ ಬೀಳುತ್ತವೆ. ಗಾಯ ಮಾಯ್ದ ಮೇಲೆ ತಣ್ಣಗಾಗಬೇಕು. ಆಗದೆ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಹೋದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಈ ನೆರೆಯ ಕೋಶಗಳನ್ನು ಕೆರಳಿಸಿದ್ದು ಯಾವುದು? ನಿಮ್ಹಾನ್ಸ್ ತಂಡ ರೋಗಿಗಳ ಬೆನ್ನಿನ ನೀರಿನ ಪ್ರೋಟೀನುಗಳನ್ನು ಜಾಲಾಡಿ 2013ರಲ್ಲಿ ಒಂದನ್ನು ಮುಂದಿಟ್ಟಿತು: ಕೈಟೋಟ್ರಯೋಸಿಡೇಸ್. ವಿಚಿತ್ರ ಕಿಣ್ವ ಇದು. ಇದರ ಕೆಲಸ ಕೈಟಿನ್ ಒಡೆಯುವುದು. ತೊಗರಿಗೆ ಬೀಳುವ ಕಾಯಿಕೊರಕದ ಮೈಹೊದಿಕೆ, ಬೂಷ್ಟಿನ ಕೋಶಗೋಡೆ ಕೈಟಿನ್‌ನವು. ನಮ್ಮ ದೇಹ ಅದನ್ನು ತಯಾರಿಸುವುದೇ ಇಲ್ಲ. ಒಡೆಯಲು ಏನೂ ಇಲ್ಲದ ಕಡೆ ಕೊಡಲಿ ಹಿಡಿದು ನಿಂತವನ ಹಾಗೆ ಇದು ಎಎಲ್‌ಎಸ್ ರೋಗಿಗಳ ಬೆನ್ನಿನ ನೀರಿನಲ್ಲಿ ಹೆಚ್ಚಾಗಿರುತ್ತದೆ. 2020ರಲ್ಲಿ ಈ ಕಿಣ್ವವನ್ನಷ್ಟೇ ಇಲಿಮರಿಗಳಿಗೆ ಕೊಟ್ಟು ನೋಡಿದಾಗಲೂ ಮೈಕ್ರೋಗ್ಲಿಯಾ ಕೆರಳಿ ಚಾಲಕ ನರಕೋಶಗಳಿಗೆ ಪೆಟ್ಟಾಯಿತು. ಜನ್ಮತಃ ಈ ಕಿಣ್ವ ಇಲ್ಲದೆಯೇ ಆರೋಗ್ಯವಾಗಿರುವ ಜನರಿದ್ದಾರೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಇದನ್ನು ತಡೆಯುವ ಔಷಧಿ ಹುಡುಕುವುದು ಹುಚ್ಚು ಸಾಹಸವೇನಲ್ಲ ಅನ್ನಿಸುತ್ತದೆ.

ಆದರೂ ಅವಸರ ಬೇಡ. ಉರಿಯೂತ ತಗ್ಗಿಸುವ ಮಿನೋಸೈಕ್ಲಿನ್ ಎಂಬ ಔಷಧಿ ಇಲಿಗಳಲ್ಲಿ ಭರವಸೆ ಮೂಡಿಸಿತ್ತು. ಅಮೆರಿಕದಲ್ಲಿ 412 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದನ್ನು ನುಂಗಿದವರೇ ಬೇಗ ಸೊರಗಿದರು. ಕಾವಲುಗಾರನನ್ನು ಪೂರಾ ಕಟ್ಟಿಹಾಕುವುದೂ ಅಪಾಯವೇ ಇರಬೇಕು.

ಇನ್ನು ಆ ಸೂಜಿಯ ಭಯ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ; ಸೂಜಿ ಚುಚ್ಚುವುದು ಅದಕ್ಕೂ ಕೆಳಗೆ. ಕೆಲವು ದಿನ ತಲೆನೋವು ಬರಬಹುದು. ತೆಗೆಯುವುದು ಕೆಲವು ಚಮಚ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸ ನೀರು ತಯಾರಿಸುತ್ತದೆ. ವೈದ್ಯರು ಬೇಕೆಂದರೆ ತೆಗೆಸಿಕೊಳ್ಳಿ, ಕಾಲು ಬೀಳುವುದಿಲ್ಲ.