ವಾರ್ಡಿಗೆ ನಿಲ್ಲಲು ಹೊರಟವರಿಗೆ

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಅಮಾನತ್‌ನ ಬಗ್ಗೆ ಮಾತನಾಡಿದ್ದೆ. ನಮಾಝ್ ಮುಗಿದು ಜನ ಚದುರಿದ ಮೇಲೆ ಜಮಾಅತಿನ ಒಬ್ಬ ಯುವಕ ಹತ್ತಿರ ಬಂದ. ಎಂಟು ವರ್ಷ ಗಲ್ಫಿನಲ್ಲಿ ದುಡಿದು ಮರಳಿ ಬಂದವನು, ಈಗ ಊರಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. "ಉಸ್ತಾದ್, ಈ ಸಲ ಪುರಸಭೆಗೆ ನಿಲ್ಲಬೇಕೆಂದಿದ್ದೇನೆ. ಚುನಾವಣೆ ಹತ್ತಿರ ಬಂದಾಗ ನೀವು ಜುಮಾದಲ್ಲಿ ಒಂದು ಮಾತು ಹೇಳಬೇಕು" ಅಂದ. ಮಿಂಬರಿನಿಂದ ಹೇಳಲಾರೆ, ಆದರೆ ಜಗಲಿಯಲ್ಲಿ ಕುಳಿತು ನಿನಗೆ ಹೇಳಬಲ್ಲೆ ಎಂದೆ. ಅವನ ಮುಖ ಸಣ್ಣದಾಯಿತು. ಆದರೂ ಅಸರ್‌ವರೆಗೆ ಕುಳಿತ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಆಲೋಚನೆಯಲ್ಲಿರುವವರು ಬೇರೆ ಊರುಗಳಲ್ಲೂ ಇದ್ದಾರು.

ಮೊದಲು ಮಿಂಬರಿನ ವಿಷಯ. ಮಸೀದಿ, ಮಂದಿರ, ಚರ್ಚುಗಳನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರಲ್ಲಿಯೇ ಕೇಂದ್ರ ಸರಕಾರದ ಕಾನೂನು ಬಂದಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ ಮತದಾರನ ಧರ್ಮವನ್ನು ಎತ್ತಿ ಕೇಳಿದರೂ ಅದೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ತೀರ್ಪು ಕೊಟ್ಟಿತು. ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಲ್ಲಿ ಇಬ್ಬರು ಒಂದೇ ವಾರ್ಡಿಗೆ ನಿಲ್ಲಬಹುದು. ಇಮಾಮನು ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಯಾರ ಹಿಂದೆ ನಮಾಝ್ ಮಾಡಬೇಕು?

ಇನ್ನು ನಿಲ್ಲುವ ವಿಷಯ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರ್ ಪಟ್ಟಣ ಪಂಚಾಯತ್ ಒಂದರ ಪಕ್ಕ ಒಂದು ಸಿಗುತ್ತವೆ. ಸಾಮಾನ್ಯವಾಗಿ 10,000ದಿಂದ 20,000 ಜನಸಂಖ್ಯೆಗೆ ಪಟ್ಟಣ ಪಂಚಾಯತ್, 50,000ದವರೆಗೆ ಪುರಸಭೆ, ಅದಕ್ಕಿಂತ ಮೇಲೆ 3 ಲಕ್ಷದವರೆಗೆ ನಗರಸಭೆ. ಇಂತಹ ನಗರದಂಚಿನ ಊರುಗಳ ಕಥೆ ಎಲ್ಲ ಕಡೆ ಒಂದೇ. ನಿನ್ನೆಯ ತೆಂಗಿನ ತೋಟ ಇಂದು ಫ್ಲ್ಯಾಟು. ಜನ ಬೆಳಿಗ್ಗೆ ಬಸ್ಸು ಹತ್ತಿ ನಗರಕ್ಕೆ ಹೋಗುತ್ತಾರೆ, ರಾತ್ರಿ ಮಲಗಲು ಬರುತ್ತಾರೆ. ಮನೆ ಹತ್ತು ಪಟ್ಟಾಗಿದೆ, ಚರಂಡಿ ಮಾತ್ರ ಅಜ್ಜನ ಕಾಲದ್ದು. ವಾರ್ಡ್ ಕಮಿಟಿ ಇರಲೇಬೇಕೆಂದು ಸಂವಿಧಾನ ಹೇಳುವುದು 3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ನಮ್ಮಂತಹ ಸಣ್ಣ ಊರಿನಲ್ಲಿ ಜನ ಹೋಗಿ ತಟ್ಟುವ ಬಾಗಿಲು ಸದಸ್ಯನದ್ದೊಂದೇ.

ಯುವಕ ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಅಧಿಕಾರ ಕೇಳಬೇಡ ಎಂದು ಪ್ರವಾದಿ(ಸ) ಹೇಳಿದ್ದಾರಲ್ಲ? ನಾಮಪತ್ರಕ್ಕೆ ನಾನೇ ಸಹಿ ಹಾಕಬೇಕು. ಅದು ಕೇಳಿದಂತೆಯೇ ಅಲ್ಲವೇ?"

ಸಂಶಯ ಸರಿಯಾದದ್ದೇ. ಅಬ್ದುರ್ರಹ್ಮಾನ್ ಬಿನ್ ಸಮುರಾ(ರ) ಅವರಿಗೆ ಪ್ರವಾದಿ(ಸ) ಆ ಉಪದೇಶ ಕೊಟ್ಟಿದ್ದರು. ಅಬೂದರ್ರ್(ರ) ಹುದ್ದೆ ಕೇಳಿದಾಗ, ಅದು ಅಮಾನತ್, ಅದನ್ನು ಹೊರುವಷ್ಟು ಬಲ ನಿಮ್ಮಲ್ಲಿಲ್ಲ ಎಂಬರ್ಥದಲ್ಲಿ ತಡೆದಿದ್ದರು. ಅವರ ತಖ್ವಾಕ್ಕೆ ಕೊರತೆ ಇದ್ದುದರಿಂದಲ್ಲ. ಒಳ್ಳೆಯವನಾಗಿರುವುದು ಬೇರೆ, ಆಡಳಿತದ ಭಾರ ಹೊರುವುದು ಬೇರೆ. ಆದರೆ ಯೂಸುಫ್(ಅ) ಈಜಿಪ್ಟಿನ ಖಜಾನೆಯ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದದ್ದೂ ಕುರ್‌ಆನಿನಲ್ಲಿದೆ. ಅವರು ಮುಂದಿಟ್ಟದ್ದು ಎರಡು ಅರ್ಹತೆ: ಕಾಪಾಡಬಲ್ಲೆ, ತಿಳಿದಿದ್ದೇನೆ. ತಾನು ಪ್ರವಾದಿಯ ಮಗ ಎಂದು ಹೇಳಿಕೊಳ್ಳಲಿಲ್ಲ. ಬರಗಾಲದಲ್ಲಿ ಅವರು ಧಾನ್ಯ ಅಳೆದುಕೊಟ್ಟದ್ದು ಆ ದೇಶದ ಎಲ್ಲರಿಗೂ.

ಹಾಗಾದರೆ ನಿನಗೆ ಏನು ತಿಳಿದಿದೆ ಎಂದು ಕೇಳಿದೆ. ಅವನಿಗೆ ಗೊತ್ತಿದ್ದದ್ದು ಎರಡೇ: ನಮ್ಮ ಬೀದಿಯಲ್ಲಿ ದೀಪ ಉರಿಯುವುದಿಲ್ಲ, ಹಾಲಿ ಸದಸ್ಯರು ಫೋನ್ ಎತ್ತುವುದಿಲ್ಲ.

1992ರ 74ನೇ ತಿದ್ದುಪಡಿಯೊಂದಿಗೆ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ, ಕುಡಿಯುವ ನೀರು, ಕಸ, ಬೀದಿದೀಪ, ಕೊಳೆಗೇರಿ ಸುಧಾರಣೆ, ಜನನ ಮರಣ ದಾಖಲೆ, ಕಸಾಯಿಖಾನೆಯ ನಿಯಂತ್ರಣ, ದಫನ ಭೂಮಿ ಮತ್ತು ಸ್ಮಶಾನ ಕೂಡ ಅದರಲ್ಲಿವೆ. ಪೊಲೀಸ್ ಠಾಣೆ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಪ್ರಚಾರದಲ್ಲಿ ಇಲ್ಲದ ಅಧಿಕಾರದ ಭರವಸೆ ಕೊಟ್ಟರೆ ಅದು ಸುಳ್ಳು. ಇನ್ನೂ ಒಂದು ಮಾತು. ಸದಸ್ಯನು ಒಬ್ಬನೇ ಯಾವ ಕಾಮಗಾರಿಯನ್ನೂ ಮಂಜೂರು ಮಾಡಲಾರ. ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿ ಇತರ ವಾರ್ಡಿನವರನ್ನು ಒಪ್ಪಿಸಬೇಕು, ಪುರಸಭೆಯ ಮುಖ್ಯಾಧಿಕಾರಿಯ ಕಡತ ಮುಂದೆ ಹೋಗಬೇಕು. ಪಕ್ಕದ ವಾರ್ಡಿನ ಶೆಟ್ಟರೊಂದಿಗೂ ಆಚೆ ವಾರ್ಡಿನ ಡಿಸೋಜರೊಂದಿಗೂ ಮಾತು ಬಿಟ್ಟವನಿಗೆ ಒಂದು ಮೋರಿ ಕಟ್ಟಿಸಲೂ ಆಗದು.

ಹಣದ ಲೆಕ್ಕ ಓದಲು ಕಲಿಯಬೇಕು. ನಮ್ಮವರು ಇದನ್ನು ಬಹಳ ಅಲಕ್ಷಿಸುತ್ತಾರೆ. ಆಸ್ತಿ ತೆರಿಗೆ, ನೀರಿನ ಶುಲ್ಕ, ಉದ್ದಿಮೆ ಪರವಾನಿಗೆ ಶುಲ್ಕಗಳು ಸ್ವಂತ ಆದಾಯ. ಉಳಿದದ್ದು ರಾಜ್ಯ ಮತ್ತು ಕೇಂದ್ರದ ಹಣಕಾಸು ಆಯೋಗಗಳ ಅನುದಾನ. ಅದರಲ್ಲಿ 24.10 ಶೇಕಡಾ ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25 ಶೇಕಡಾ ಇತರ ಬಡವರಿಗೆ, 5 ಶೇಕಡಾ ಅಂಗವಿಕಲರಿಗೆ ಎಂದು ಮೀಸಲಿಡುವ ಕ್ರಮ ಕರ್ನಾಟಕದಲ್ಲಿದೆ. ನಮ್ಮ ಮೊಹಲ್ಲಾದಲ್ಲಿ ನಡೆಯಲಾರದ ಮಗುವನ್ನು ತಾಯಿ ಸೊಂಟದಲ್ಲೇ ಹೊತ್ತು ಶಾಲೆಗೆ ಒಯ್ಯುತ್ತಿದ್ದಳು. ಕೊನೆಗೆ ಗಾಲಿಕುರ್ಚಿ ಕೊಟ್ಟದ್ದು ಝಕಾತ್ ನಿಧಿಯಿಂದ. ಪುರಸಭೆಯಲ್ಲೂ ಅದಕ್ಕಾಗಿ ಹಣ ಇತ್ತೆಂದು ಅರ್ಜಿ ಬರೆಯುವ ನನಗೂ ಗೊತ್ತಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಿಲ್ಲುವ ಕ್ರಮ ಕಷ್ಟದ್ದಲ್ಲ. 21 ವರ್ಷ ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ರಾಜ್ಯ ಚುನಾವಣಾ ಆಯೋಗದ ವೇಳಾಪಟ್ಟಿ ಬಂದ ಮೇಲೆ ಚುನಾವಣಾಧಿಕಾರಿಗೆ ನಾಮಪತ್ರ, ಠೇವಣಿ, ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳ ಅಫಿದವಿತ್ ಕೊಡಬೇಕು. ಅಫಿದವಿತ್‌ನಲ್ಲಿ ಏನನ್ನೂ ಮುಚ್ಚಿಡಬೇಡಿ. ಅದು ಪ್ರಮಾಣ ಮಾಡಿ ಹೇಳುವ ಮಾತು. ತೆರಿಗೆ ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಪುರಸಭೆಯ ಗುತ್ತಿಗೆಯಲ್ಲಿ ಪಾಲಿದ್ದವನು ಸದಸ್ಯನಾಗಿರಲು ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಯುವಕ ಇಲ್ಲಿ ಸ್ವಲ್ಪ ತಡವರಿಸಿದ. ಅವನ ಭಾವ ಪುರಸಭೆಗೆ ಪೈಪ್ ಪೂರೈಸುತ್ತಾರೆ, ಸಾಮಾನು ಹೋಗುವುದು ಇವನ ಅಂಗಡಿಯಿಂದ. ವಕೀಲರನ್ನು ಕೇಳು ಎಂದೆ. ವಕೀಲರು ಪರವಾಗಿಲ್ಲ ಎಂದರೂ ಜನ ಏನೆನ್ನುತ್ತಾರೆಂದು ನಿನಗೇ ಗೊತ್ತು ಎಂದೂ ಹೇಳಿದೆ.

ಗ್ರಾಮ ಪಂಚಾಯತಿನಲ್ಲಿ ಪಕ್ಷದ ಚಿಹ್ನೆ ಇಲ್ಲ, ಪುರಸಭೆಯಲ್ಲಿ ಇದೆ. ಪಕ್ಷದ ಟಿಕೆಟಿನಲ್ಲಿ ಗೆದ್ದವನು ವಿಪ್ ಮೀರಿ ಮತ ಹಾಕಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಸದಸ್ಯತ್ವ ಹೋಗಬಹುದು. ಪಕ್ಷೇತರನಿಗೆ ಆ ಹಗ್ಗವಿಲ್ಲ, ಬೆನ್ನಿಗೆ ನಿಲ್ಲುವವರೂ ಕಡಿಮೆ. ಯಾವುದು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ.

ಪ್ರಚಾರದ ಬಗ್ಗೆ ಮಾತ್ರ ಬಿಗಿಯಾಗಿಯೇ ಹೇಳುತ್ತೇನೆ. ಮತದಾನದ ಹಿಂದಿನ ರಾತ್ರಿ ಹಂಚುವ ನೋಟು ರಿಶ್ವತ್. ಅದಕ್ಕೆ ಸದಕಾ ಎಂದು ಹೆಸರಿಟ್ಟರೆ ಹಲಾಲ್ ಆಗುವುದಿಲ್ಲ. ಮುಸ್‌ಹಫ್ ಮೇಲೆ ಕೈ ಇಡಿಸಿ ಮತದ ಮಾತು ತೆಗೆದುಕೊಳ್ಳುವವರೂ ಇದ್ದಾರೆ. ಅಂತಹವರನ್ನು ಮನೆಯಿಂದ ಹೊರಗೆ ಕಳುಹಿಸಿ. ಇನ್ನೊಂದು, ಜಮಾಅತ್ ಕಮಿಟಿ ಕುಳಿತು ಒಬ್ಬನನ್ನು "ನಮ್ಮ ಅಭ್ಯರ್ಥಿ" ಎಂದು ಘೋಷಿಸುವ ಅಭ್ಯಾಸ. ಹಿಂದೆ ನಾನು ಇದ್ದ ಒಂದು ಊರಿನಲ್ಲಿ ಹಾಗೆ ಮಾಡಿದರು. ನಮ್ಮವರದೇ ಇಬ್ಬರು ಒಪ್ಪದೆ ಎದುರು ನಿಂತರು, ವಾರ್ಡಿನ ಉಳಿದ ಮನೆಗಳವರು ಇದು ಮಸೀದಿಯ ಚುನಾವಣೆ ಎಂದು ದೂರ ಸರಿದರು. ಸೋತದ್ದು ದೊಡ್ಡ ವಿಷಯವಲ್ಲ. ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಮದುವೆಗೆ ಹೋಗಿಬರುವುದು ಇವತ್ತಿಗೂ ಇಲ್ಲ. ಕಮಿಟಿಯ ಹಿರಿಯರಾದ ಹಾಜಿಕಾಕ ಈಗಲೂ ನನಗೆ ಫೋನ್ ಮಾಡಿ ಅದನ್ನೇ ಹೇಳಿ ಮರುಗುತ್ತಾರೆ.

ಅಸರ್ ಬಾಂಗ್ ಆಯಿತು. ಒಂದು ವರ್ಷ ವಾರ್ಡಿನ ಎಲ್ಲ ಮನೆಗಳ ಕೆಲಸ ಮಾಡು, ದೇವಸ್ಥಾನದ ಓಣಿಯ ಮನೆಗಳದ್ದೂ ಸೇರಿಸಿ, ಆಮೇಲೆ ಅವರೇ ನಿಲ್ಲು ಎಂದರೆ ನಿಲ್ಲು ಎಂದು ಕಳುಹಿಸಿದೆ.

ಎರಡು ವಾರ ಕಳೆದು ಮತ್ತೆ ಬಂದ. ಮೀಸಲಾತಿ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆಂದು ಪುರಸಭೆಯಲ್ಲಿ ಯಾರೋ ಹೇಳಿದ್ದರಂತೆ. "ವಾರ್ಡು ಮಹಿಳೆಗೆ ಬಂದರೆ ಮನೆಯವಳ ಹೆಸರು ಹಾಕಿ ನಾನು ನೋಡಿಕೊಳ್ಳಲೇ?" ಎಂದ. ಹೆಂಡತಿ ಗೆದ್ದು ಗಂಡ ಸಭೆಗೆ ಹೋಗುವುದು ಅಮಾನತ್‌ನಲ್ಲಿ ಖಿಯಾನತ್, ಮತ ಕೊಟ್ಟವರಿಗೂ ಮೋಸ ಎಂದೆ. ಆದರೆ ಅವಳನ್ನೇ ಕೇಳಿದ್ದೀಯಾ? ಆಕೆ ಆರು ವರ್ಷದಿಂದ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು, ಸಂಘದಲ್ಲಿ ಎಲ್ಲ ಜಾತಿಯ ಹೆಂಗಸರಿದ್ದಾರೆ. ಯುವಕ ಅಲ್ಲಿಯೇ ಫೋನ್ ಮಾಡಿದ. ಆಚೆಯಿಂದ ಬಂದ ಪ್ರಶ್ನೆ ನನಗೂ ಕೇಳಿಸಿತು: "ಸಭೆ ಎಷ್ಟು ಗಂಟೆಗೆ? ಮಕ್ಕಳು ಶಾಲೆಯಿಂದ ಬರುವಾಗ ನೀವು ಮನೆಯಲ್ಲಿರ್ತೀರಾ?"