ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಚರ್ಮದ ಪಾಡು

ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವ ಹೆಚ್ಚಿನವರಲ್ಲಿ ಕಿರಣ ಬಿದ್ದ ಜಾಗದ ಚರ್ಮ ಬಣ್ಣಗೆಡುತ್ತದೆ. ಚರ್ಮದ ತಳಪದರದ ಕೋಶಗಳು ಸದಾ ವಿಭಜನೆಗೊಂಡು ಸವೆದ ಮೇಲ್ಪದರವನ್ನು ತುಂಬಿಕೊಡುತ್ತವೆ. ವಿಕಿರಣಕ್ಕೆ ಈ ಕೋಶಗಳೂ ಸಿಕ್ಕಿ ಘಾಸಿಗೊಳ್ಳುತ್ತವೆ. ಮೇಲ್ಪದರ ಸವೆಯಲು ಸಮಯ ಬೇಕಾದ್ದರಿಂದ ತೊಂದರೆ ಸಾಮಾನ್ಯವಾಗಿ 2-3ನೇ ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹೆಚ್ಚಿ, ಆಮೇಲೆ ಇಳಿಯುತ್ತದೆ.

ಬಿಳಿ ಮೈಬಣ್ಣದವರಲ್ಲಿ ಇದು ಕೆಂಪಾಗಿ ಕಾಣುತ್ತದೆ. ಕಂದು ಮೈಬಣ್ಣದವರಲ್ಲಿ ಕೆಂಪು ಎದ್ದು ತೋರದೆ ಚರ್ಮ ಕಪ್ಪಿಡುವುದರಿಂದ ಆರಂಭದ ಉರಿ, ಬಿಗಿತಗಳನ್ನೇ ಗಮನಿಸಬೇಕು. ಬೆವರಿ ಉಜ್ಜುವ ಕಂಕುಳು ಮತ್ತು ಸ್ತನದ ಕೆಳಮಡಿಕೆಗಳಲ್ಲಿ ಚರ್ಮ ಸುಲಿದು ನೀರು ಒಸರುವುದೂ ಉಂಟು.

ಔಷಧಗಳ ಪರಿಣಾಮ ಬೇರೆ ಬಗೆಯದು. ಕ್ಯಾಪೆಸಿಟಾಬಿನ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರಲ್ಲಿ ಅಂಗೈ, ಅಂಗಾಲುಗಳು ಜುಮ್ಮೆಂದು, ಉರಿದು, ಸಿಪ್ಪೆ ಏಳಬಹುದು. ಹಾಲು ಕರೆಯುವ, ಟೊಮೆಟೊ ಬಿಡಿಸುವ ಕೈಗಳಿಗೆ ಇದು ದೊಡ್ಡ ಅಡ್ಡಿ. ದೆಹಲಿಯ ಏಮ್ಸ್ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೈಕ್ಲೋಫೆನಾಕ್ ಜೆಲ್ ಹಚ್ಚಿದವರ ಪೈಕಿ ಶೇ 3.8ರಷ್ಟು ಮಂದಿಗೆ, ಔಷಧವಿಲ್ಲದ ಜೆಲ್ ಹಚ್ಚಿದವರ ಪೈಕಿ ಶೇ 15ರಷ್ಟು ಮಂದಿಗೆ ಈ ತೊಂದರೆ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿ ಕಾಡಿತು.

ಅಪರೂಪದ ಇನ್ನೊಂದು ಪ್ರತಿಕ್ರಿಯೆಯೂ ಇದೆ. ವಿಕಿರಣ ಮುಗಿದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಡೋಸಿಟ್ಯಾಕ್ಸೆಲ್‌ನಂಥ ಔಷಧ ಕೊಟ್ಟಾಗ, ಹಿಂದೆ ಕಿರಣ ಬಿದ್ದ ಅದೇ ಜಾಗ ಮತ್ತೆ ಕೆರಳುತ್ತದೆ. ಇಂಥದನ್ನು 1959ರಲ್ಲಿ ಆಕ್ಟಿನೋಮೈಸಿನ್-ಡಿ ಔಷಧದೊಂದಿಗೆ ಮೊದಲು ವರದಿ ಮಾಡಲಾಯಿತು. ನಿಖರ ಕಾರಣ ಇನ್ನೂ ಬಗೆಹರಿದಿಲ್ಲ.

ಮುಳಬಾಗಿಲು ತಾಲ್ಲೂಕಿನ ಆವನಿಯಂಥ ಊರಿನವರಿಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ದೂರದ ಹಾದಿ. ಆದ್ದರಿಂದ ಮನೆಯ ಆರೈಕೆ ಮುಖ್ಯ. ಕಿರಣ ಬಿದ್ದ ಜಾಗವನ್ನು ಉಗುರುಬೆಚ್ಚನೆಯ ನೀರು, ಸೌಮ್ಯ ಸೋಪು ಬಳಸಿ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಬೇಕು. ಸಡಿಲವಾದ ಹತ್ತಿಬಟ್ಟೆ ತೊಡಬೇಕು; ಬಿಸಿಲು ತಾಗಬಾರದು. ಅರಿಶಿನ, ಸುಣ್ಣ, ಸೊಪ್ಪಿನ ರಸಗಳನ್ನು ಹಚ್ಚಬಾರದು. ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೇಳಿದಷ್ಟೇ ಬಳಸಬೇಕು.

ಚರ್ಮ ಸುಲಿದು ನೀರೊಸರಿದರೆ, ಕೀವಾದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಔಷಧದ ಪ್ರಮಾಣ ತಗ್ಗಿಸುವುದು, ಕೆಲವು ದಿನ ತಡೆಹಿಡಿಯುವುದು ವೈದ್ಯರ ತೀರ್ಮಾನ. ಚರ್ಮದ ಉರಿಗೆ ಹೆದರಿ ಯಾರೂ ತಾವಾಗಿ ಚಿಕಿತ್ಸೆ ನಿಲ್ಲಿಸಬಾರದು.