ಮಳೇಲಿ ಮೊಬೈಲ್ ನೆಂದ್ರೆ ಅಕ್ಕಿ ಡಬ್ಬಕ್ಕೆ ಹಾಕಬೇಡಿ. ಮೊದಲ ಅರ್ಧ ಗಂಟೆ ಏನು ಮಾಡಬೇಕು? ರಿಪೇರಿ ಅಂಗಡೀಲಿ ಏನಾಗುತ್ತೆ?

ಶಿವಮೊಗ್ಗ: ಮಲೆನಾಡಲ್ಲಿ ಮಳೆ ಹಿಡಿಯಿತು ಅಂದ್ರೆ ಮೊಬೈಲ್ ರಿಪೇರಿ ಅಂಗಡಿಗಳಿಗೆ ಕೆಲಸ ಹೆಚ್ಚು. ಬೈಕಲ್ಲಿ ಬರುವಾಗ ಜೇಬಿನಲ್ಲೇ ನೆಂದ ಫೋನ್, ಅಡಿಕೆ ತೋಟದಲ್ಲಿ ಬೋರ್ಡೋ ಹೊಡೆಯುವಾಗ ಡ್ರಮ್ಮಿಗೆ ಬಿದ್ದ ಫೋನ್, ಪ್ಯಾಂಟಿನ ಜೊತೆ ಸೋಪಿನ ನೀರಿಗೆ ಹೋದ ಫೋನ್ ಎಲ್ಲವೂ ಅಂಗಡಿಯ ಟೇಬಲ್ ಮೇಲೆ ಬಂದು ಕೂರುತ್ತವೆ.

ಇವುಗಳಲ್ಲಿ ಹಲವು ಬರುವುದು ತಡವಾಗಿ. ಎರಡು ದಿನ ಅಕ್ಕಿ ಡಬ್ಬದಲ್ಲಿಟ್ಟು, ಮೂರನೇ ದಿನ ಚಾರ್ಜಿಗೆ ಹಾಕಿ, ಆನ್ ಆಗದಿದ್ದಾಗ ನಾಲ್ಕನೇ ದಿನ ಅಂಗಡಿ ನೆನಪಾಗುತ್ತದೆ. ಅಷ್ಟರಲ್ಲಿ ಒಳಗೆ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ.

ಕೆಡಿಸೋದು ಬರೀ ನೀರಲ್ಲ

ಮಳೆ ನೀರು, ಬಾವಿ ನೀರು, ಬೆವರು ಯಾವುದೇ ಇರಲಿ, ಅದರಲ್ಲಿ ಲವಣಗಳು ಕರಗಿರುತ್ತವೆ. ಹಾಗಾಗಿ ಅದರೊಳಗೆ ಕರೆಂಟ್ ಹರಿಯುತ್ತದೆ. ಫೋನ್ ಆಫ್ ಆದಂತೆ ಕಂಡರೂ ಬ್ಯಾಟರಿ ಬೋರ್ಡಿಗೆ ಕನೆಕ್ಟ್ ಆಗಿಯೇ ಇರುತ್ತದೆ. ನೀರು ಮತ್ತು ಕರೆಂಟ್ ಸೇರಿದಾಗ ಬೋರ್ಡಿನಲ್ಲಿರುವ ತಾಮ್ರ ಕರಗಿ, ಪಕ್ಕದ ಬಿಡಿಭಾಗದ ಮೇಲೆ ಹಸಿರು ಅಥವಾ ಬಿಳಿ ಕಿಲುಬಾಗಿ ಕೂರುತ್ತದೆ. ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿಯಲು ದಿನಗಟ್ಟಲೆ ಬೇಕು. ಕರೆಂಟ್ ಇರುವ ಬೋರ್ಡಿನಲ್ಲಿ ಇದು ಕೆಲವೇ ಗಂಟೆಗಳ ಕೆಲಸ.

ಬೋರ್ಡೋ ದ್ರಾವಣ, ಸೋಪಿನ ನೀರು, ಚಹಾ, ಸಮುದ್ರದ ನೀರು ಇನ್ನೂ ಕೆಟ್ಟವು. ಬೋರ್ಡೋದಲ್ಲಿ ಇರೋದೇ ಮೈಲುತುತ್ತ ಮತ್ತು ಸುಣ್ಣ. ಇಂಥ ಫೋನನ್ನು ಒಣಗಿಸಿದರೆ ಸಾಲದು. ನೀರು ಆರಿದರೂ ಲವಣ ಒಳಗೇ ಉಳಿಯುತ್ತದೆ, ಮಳೆಗಾಲದ ತೇವಕ್ಕೆ ಮತ್ತೆ ಕೆಲಸ ಶುರು ಮಾಡುತ್ತದೆ. ನೆಂದ ಫೋನ್ ಒಂದು ವಾರ ಚೆನ್ನಾಗಿದ್ದು ಆಮೇಲೆ ದಿಢೀರ್ ಸಾಯೋದಕ್ಕೆ ಕಾರಣ ಇದೇ.

ಮೊದಲ ಅರ್ಧ ಗಂಟೆಯಲ್ಲಿ

- ತಕ್ಷಣ ಸ್ವಿಚ್ ಆಫ್ ಮಾಡಿ. ಈಗಾಗಲೇ ಆಫ್ ಆಗಿದ್ದರೆ, ಆನ್ ಆಗುತ್ತಾ ಅಂತ ನೋಡಲು ಹೋಗಬೇಡಿ.
- ಚಾರ್ಜಿಗೆ ಹಾಕಲೇಬೇಡಿ. ಕೆಡದ ಫೋನೂ ಕೆಡುವುದು ಇಲ್ಲೇ.
- ಕವರ್ ತೆಗೆಯಿರಿ, ಸಿಮ್ ಟ್ರೇ ಹೊರಗೆಳೆಯಿರಿ. ಬ್ಯಾಟರಿ ಕೈಯಲ್ಲೇ ತೆಗೆಯಲು ಬರುವ ಹಳೇ ಮಾದರಿ ಅಥವಾ ಕೀಪ್ಯಾಡ್ ಫೋನಾದರೆ ಮೊದಲು ಬ್ಯಾಟರಿ ತೆಗೆಯಿರಿ.
- ಹತ್ತಿ ಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ಜಾಗ ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕುಲುಕಿದರೆ ಹೊರಗಿದ್ದ ನೀರು ಒಳಗೆ ಹೋಗುತ್ತದೆ.
- ಹೇರ್ ಡ್ರೈಯರ್, ಒಲೆ ಬುಡ, ಸುಡು ಬಿಸಿಲು ಬೇಡ. ಬಿಸಿಗೆ ಬ್ಯಾಟರಿ ಮತ್ತು ಡಿಸ್‌ಪ್ಲೇಯ ಅಂಟು ಎರಡೂ ಹಾಳಾಗುತ್ತವೆ. ಫ್ಯಾನ್ ಗಾಳಿ ಸಾಕು.
- ಆಫ್ ಆಗುತ್ತಲೇ ಇಲ್ಲ, ತಾನಾಗೇ ವೈಬ್ರೇಟ್ ಆಗ್ತಿದೆ, ಬಿಸಿಯಾಗ್ತಿದೆ ಅಂದ್ರೆ ಕಾಯಬೇಡಿ. ಹತ್ತಿರದ ಅಂಗಡಿಗೆ ಹೋಗಿ ಬ್ಯಾಟರಿ ಕನೆಕ್ಟರ್ ಬಿಡಿಸಿ.

ಎರಡು ಹನಿ ಬಿದ್ದು, ಚಾರ್ಜಿಂಗ್ ಪೋರ್ಟಿನಲ್ಲಿ ತೇವ ಇದೆ ಎಂದು ಫೋನೇ ಎಚ್ಚರಿಕೆ ತೋರಿಸಿದರೆ ಗಾಬರಿ ಬೇಡ. ಕೇಬಲ್ ತೆಗೆದು ಪೋರ್ಟ್ ಪೂರ್ತಿ ಒಣಗುವ ತನಕ ಬಿಡಿ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ.

ಅಕ್ಕಿ ಯಾಕೆ ಬೇಡ?

ಅಕ್ಕಿ ಗಾಳಿಯಲ್ಲಿರುವ ತೇವವನ್ನು ಸ್ವಲ್ಪ ಹೀರಬಹುದು. ಆದರೆ ಬೋರ್ಡಿನ ಶೀಲ್ಡ್ ಕೆಳಗೆ ನಿಂತ ಹನಿಯನ್ನು ಎಳೆದು ತರೋಕೆ ಅದಕ್ಕೆ ಆಗೋದಿಲ್ಲ. ಫ್ಯಾನ್ ಕೆಳಗೆ ಇಟ್ಟರೆ ಅದಕ್ಕಿಂತ ಚೆನ್ನಾಗಿ ಆರುತ್ತದೆ. ಮೇಲಾಗಿ ಅಕ್ಕಿಯ ಹಿಟ್ಟು, ನುಚ್ಚು ಚಾರ್ಜಿಂಗ್ ಪೋರ್ಟ್ ಮತ್ತು ಸ್ಪೀಕರ್ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಎಂದು ಹೇಳಿದೆ. ಅಕ್ಕಿಯಿಂದ ಆಗುವ ದೊಡ್ಡ ನಷ್ಟ ಅಂದ್ರೆ ಸಮಯ. ಆ ಎರಡು ದಿನವೂ ಬ್ಯಾಟರಿ ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ.

'ನಮ್ಮದು ವಾಟರ್‌ಪ್ರೂಫ್' ಅನ್ನೋರಿಗೆ

ಐಪಿ67 ಎಂದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿರುತ್ತಾರೆ. ಐಪಿ68 ಅದಕ್ಕಿಂತ ಹೆಚ್ಚು; ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಕಂಪನಿ ತಿಳಿಸುತ್ತದೆ. ಈ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಶುದ್ಧ ನೀರಿನಲ್ಲಿ. ಎರಡು ಮೂರು ವರ್ಷ ಬಳಸಿದ, ಒಮ್ಮೆ ಬಿದ್ದು ಫ್ರೇಮ್ ಬಾಗಿದ, ಡಿಸ್‌ಪ್ಲೇ ಬದಲಿಸಿದ ಫೋನಿನಲ್ಲಿ ಆ ಅಂಟಿನ ಸೀಲ್ ಮೊದಲಿನಂತೆ ಇರೋದಿಲ್ಲ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗೋದಿಲ್ಲ. ಹಲವು ಫೋನುಗಳ ಒಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಸರ್ವೀಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ.

ಅಂಗಡೀಲಿ ಏನು ಮಾಡ್ತಾರೆ?

ಕೆಲಸ ಬಲ್ಲವರು ಫೋನ್ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆಯುತ್ತಾರೆ. ನಂತರ ಬೋರ್ಡನ್ನು ಹೊರತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟು ಕಿಲುಬು ಎಲ್ಲೆಲ್ಲಿದೆ ನೋಡುತ್ತಾರೆ. ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆಯ ಬ್ರಶ್ಶಿನಲ್ಲಿ ತೊಳೆಯುತ್ತಾರೆ. ಇದು ನೀರನ್ನು ತನ್ನ ಜೊತೆ ಸೇರಿಸಿಕೊಂಡು ಬೇಗ ಆರಿಹೋಗುತ್ತದೆ. ಚಿಪ್ ಕೆಳಗಿನ ಕೊಳೆ ಬಿಡಿಸಲು ಕೆಲವರ ಬಳಿ ಅಲ್ಟ್ರಾಸಾನಿಕ್ ಕ್ಲೀನರ್ ಇರುತ್ತದೆ.

ಆಮೇಲೆ ಮಲ್ಟಿಮೀಟರ್ ಕೆಲಸ. ಬ್ಯಾಟರಿ ಲೈನ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯಾ ನೋಡುತ್ತಾರೆ. ಶಾರ್ಟ್ ಇಲ್ಲದಿದ್ದರೆ ಬ್ಯಾಟರಿ ಬದಲು ಡಿಸಿ ಪವರ್ ಸಪ್ಲೈನಿಂದ ಸುಮಾರು 4 ವೋಲ್ಟ್ ಕೊಡುತ್ತಾರೆ. ಪವರ್ ಬಟನ್ ಒತ್ತುವ ಮೊದಲೇ ಮೀಟರ್ ಮುಳ್ಳು ಎದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಬಿಸಿಯಾಗುವ ಬಿಡಿಭಾಗ ಯಾವುದು ಎಂದು ಹುಡುಕುತ್ತಾರೆ. ಎಷ್ಟೋ ಸಲ ಅದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕೆಪಾಸಿಟರ್. ಅದನ್ನು ತೆಗೆದರೆ ಸತ್ತ ಫೋನ್ ಎದ್ದು ಕೂರುತ್ತದೆ.

ಹಾಗಾಗಿ ಬೋರ್ಡ್ ಬಿಚ್ಚಿ ನೋಡದೆ 'ಬೋರ್ಡ್ ಹೋಗಿದೆ' ಎಂದರೆ ಇನ್ನೊಂದು ಅಂಗಡೀಲಿ ಕೇಳಿ. ಚಾರ್ಜ್ ಆಗದ ದೂರಿಗೂ ಇದೇ ಮಾತು. ಮೊದಲು ಕೇಬಲ್, ಅಡಾಪ್ಟರ್, ಪೋರ್ಟಿನ ಕಸ, ಆಮೇಲೆ ಕೆಳಗಿನ ಚಾರ್ಜಿಂಗ್ ಬೋರ್ಡ್, ಬ್ಯಾಟರಿ, ಕೊನೆಗೆ ಐಸಿ. ಸ್ಕ್ರೀನ್ ಕಪ್ಪಾಗಿದ್ದರೂ ರಿಂಗ್ ಆಗ್ತಿದ್ರೆ ಫೋನ್ ಸತ್ತಿಲ್ಲ, ಡಿಸ್‌ಪ್ಲೇ ಕಡೆ ತೊಂದರೆ.

ಫೋಟೊ ವಾಪಸ್ ಸಿಗುತ್ತಾ?

ಅಂಗಡಿಗೆ ಬರುವವರಲ್ಲಿ ಕೆಲವರಿಗೆ ಫೋನ್ ಮುಖ್ಯವೇ ಅಲ್ಲ. ತೀರಿಹೋದ ಅಪ್ಪನ ದನಿ, ಮಗುವಿನ ಮೊದಲ ವಿಡಿಯೊ, ಜಮೀನಿನ ಕಾಗದದ ಫೋಟೊ ಅದರೊಳಗೆ ಇರುತ್ತದೆ. ಮೆಮೊರಿ ಕಾರ್ಡಿನಲ್ಲಿದ್ದರೆ ಸಿಗುವ ಸಾಧ್ಯತೆ ಹೆಚ್ಚು. ಫೋನಿನಲ್ಲೇ ಇದ್ದರೆ ಕಷ್ಟ. ಈಗಿನ ಫೋನುಗಳಲ್ಲಿ ಒಳಗಿನ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟಿಕೊಂಡಿರುತ್ತದೆ. ಮೆಮೊರಿ ಚಿಪ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಏನೂ ಓದಲು ಬರೋದಿಲ್ಲ. ಹಳೇ ಬೋರ್ಡ್ ಒಮ್ಮೆಯಾದರೂ ಆನ್ ಆಗಬೇಕು, ಲಾಕ್ ಪಿನ್ ಗೊತ್ತಿರಬೇಕು.

ಹಾಗಾಗಿ ಅಂಗಡಿಯವರಿಗೆ 'ಫೋನ್ ಬೇಡ, ಡೇಟಾ ಬೇಕು' ಅಂತ ಮೊದಲೇ ಹೇಳಿ. ಬೋರ್ಡ್ ಬದಲಿಸಿದರೆ ಫೋನ್ ಸರಿಯಾಗುತ್ತದೆ, ಫೋಟೊಗಳು ಹಳೇ ಬೋರ್ಡಿನಲ್ಲೇ ಉಳಿಯುತ್ತವೆ.

ರಿಪೇರಿಗೆ ಕೊಡುವ ಮುನ್ನ

ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಆ ಸಿಮ್ಮಿಗೇ. ಫೋನ್ ಆನ್ ಆಗುತ್ತಿದ್ದರೆ \*#06# ಒತ್ತಿ ಐಎಂಇಐ ನಂಬರ್ ಬರೆದಿಟ್ಟುಕೊಳ್ಳಿ. ಆಗದಿದ್ದರೆ ಡಬ್ಬದ ಮೇಲೆ ಇರುತ್ತದೆ. ಯುಪಿಐ ಪಿನ್ ಯಾರಿಗೂ ಹೇಳಬೇಡಿ, ರಿಪೇರಿಗೆ ಅದು ಬೇಕಾಗೋದೇ ಇಲ್ಲ. ಏನು ಬದಲಿಸುತ್ತಾರೆ, ಎಷ್ಟಾಗುತ್ತೆ ಎಂದು ಬರೆಸಿಕೊಳ್ಳಿ, ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ, ಬಿಲ್ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇನ್ನೊಂದು ಎಚ್ಚರಿಕೆ. ನೆಂದ ಫೋನಿನ ಬೆನ್ನು ಉಬ್ಬಿದ್ದರೆ ಅದು ಬ್ಯಾಟರಿ ಉಬ್ಬಿದ ಲಕ್ಷಣ. ಅದನ್ನು ಒತ್ತುವುದು, ಚುಚ್ಚುವುದು, ಚಾರ್ಜ್ ಮಾಡುವುದು ಬೇಡ, ಬೆಂಕಿ ಹೊತ್ತಿಕೊಳ್ಳಬಹುದು. ಮನೇಲಿ ಬಿಚ್ಚದೆ ಅಂಗಡಿಗೆ ಕೊಡಿ.

ಇವೆಲ್ಲಕ್ಕಿಂತ ಸುಲಭದ ಕೆಲಸವೊಂದಿದೆ. ಫೋನ್ ಚೆನ್ನಾಗಿರುವಾಗಲೇ, ಮಳೆ ಜೋರಾಗುವ ಮೊದಲು ಬೇಕಾದ ಫೋಟೊ, ನಂಬರುಗಳನ್ನು ಬೇರೆ ಕಡೆ ಬ್ಯಾಕಪ್ ಮಾಡಿಡಿ. ಬೈಕ್ ಹತ್ತುವಾಗ ಜೇಬಿನಲ್ಲೊಂದು ಜಿಪ್ ಇರುವ ಪ್ಲಾಸ್ಟಿಕ್ ಕವರ್ ಇರಲಿ.